ರೀಲ್ಸ್ ಮತ್ತು ಒಟಿಟಿ ಕಾಲದಲ್ಲಿ ಗಮನವನ್ನು ಉಳಿಸಿಕೊಳ್ಳುವುದು ಹೇಗೆ?

ದೂರದರ್ಶನದಲ್ಲಿ ಧಾರಾವಾಹಿಯ ಕಂತು ವಾರಕ್ಕೊಮ್ಮೆ ಬರುತ್ತಿದ್ದ ಕಾಲದಲ್ಲಿ, ಅದು ಮುಗಿದೊಡನೆ ವಾರ್ತೆಯೋ ಕೃಷಿ ಕಾರ್ಯಕ್ರಮವೋ ಶುರುವಾಗುತ್ತಿತ್ತು, ಮನೆಯವರು ಎದ್ದು ತಮ್ಮ ತಮ್ಮ ಕೆಲಸಕ್ಕೆ ಹೋಗುತ್ತಿದ್ದರು. ಹಾಗೆ ಏಳುವುದಕ್ಕೆ ಯಾರಿಗೂ ವಿಶೇಷ ಮನೋಬಲ ಬೇಕಾಗಿರಲಿಲ್ಲ. ನೋಡುವುದಕ್ಕೆ ಇನ್ನೇನೂ ಉಳಿದಿರುತ್ತಿರಲಿಲ್ಲ, ಅಷ್ಟೆ. ಬೇಕೆಂದಾಗ ಬೇಕಾದ್ದನ್ನು ನೋಡುವ ಇಂದಿನ ವ್ಯವಸ್ಥೆ ನಮ್ಮಿಂದ ಕಿತ್ತುಕೊಂಡಿರುವುದು ಈ ಕೊನೆಯನ್ನು. ಆದ್ದರಿಂದ ಗಮನ ನಿಲ್ಲುತ್ತಿಲ್ಲವೆಂದು ಕೊರಗುವವರು ತಮ್ಮ ಮನಸ್ಸನ್ನು ದೂಷಿಸುವ ಮೊದಲು, ಮಾಯವಾಗಿರುವ ನಿಲುಗಡೆಗಳನ್ನು ಒಂದೊಂದಾಗಿ ಮರಳಿ ಕಟ್ಟಿಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಈ ನಿಲುಗಡೆಗಳು ತಾವಾಗಿಯೇ ಹೋದವುಗಳಲ್ಲ. ಪುಟದ ತುದಿ ತಲುಪುವ ಮುನ್ನವೇ ಹೊಸ ವಿಷಯವನ್ನು ತಂದು ಜೋಡಿಸುವ, ಎಂದಿಗೂ ಮುಗಿಯದ ಸ್ಕ್ರೋಲ್ ವಿನ್ಯಾಸವನ್ನು 2006ರಲ್ಲಿ ರೂಪಿಸಿದ ಅಜಾ ರಾಸ್ಕಿನ್, ಮುಂದೆ ಅದರ ಬಗ್ಗೆ ಬಹಿರಂಗವಾಗಿಯೇ ವಿಷಾದ ವ್ಯಕ್ತಪಡಿಸಿದರು. ಒಂದು ಕಂತು ಮುಗಿದೊಡನೆ ಮುಂದಿನದನ್ನು ತಾನೇ ಆರಂಭಿಸುವ ಪದ್ಧತಿಯನ್ನು ನೆಟ್‌ಫ್ಲಿಕ್ಸ್ 2012ರಲ್ಲಿ ತಂದಿತು. ನಮ್ಮಲ್ಲಿ ಇನ್ನೊಂದು ತಡೆಯೂ ಇತ್ತು: ಡೇಟಾ ಖಾಲಿಯಾದೀತೆಂಬ ಅಳುಕು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಅದೂ ಕರಗಿತು. 2020ರ ಜೂನ್ ಕೊನೆಯಲ್ಲಿ ಟಿಕ್‌ಟಾಕ್ ನಿಷೇಧವಾಯಿತು. ಜುಲೈನಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್, ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ಶಾರ್ಟ್ಸ್ ಭಾರತಕ್ಕೆ ಬಂದು ಆ ಜಾಗವನ್ನು ತುಂಬಿದವು.

ಇದರಿಂದ ಗಮನಕ್ಕೆ ಏನಾಗಿದೆ? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ಲೋರಿಯಾ ಮಾರ್ಕ್ ಅವರು 2004ರ ಸುಮಾರಿಗೆ ಅಳೆದಾಗ, ಕೆಲಸದಲ್ಲಿರುವವರು ಒಂದು ಪರದೆಯ ಮೇಲೆ ಸರಾಸರಿ ಎರಡೂವರೆ ನಿಮಿಷ ನಿಲ್ಲುತ್ತಿದ್ದರು. ಇತ್ತೀಚಿನ ವರ್ಷಗಳ ಅಳತೆಯಲ್ಲಿ ಅದು ಸುಮಾರು 47 ಸೆಕೆಂಡಿಗೆ ಇಳಿದಿದೆ. ಒಂದು ಕೆಲಸದಿಂದ ಇನ್ನೊಂದಕ್ಕೆ ಹಾರಿದಾಗ ಮನಸ್ಸಿನ ಒಂದು ಪಾಲು ಹಿಂದಿನದರಲ್ಲೇ ಉಳಿದುಬಿಡುತ್ತದೆ ಎಂಬುದನ್ನು 2009ರಲ್ಲಿ ಸಂಶೋಧಕಿ ಸೋಫಿ ಲೆರಾಯ್ ತೋರಿಸಿಕೊಟ್ಟರು. ಹಾಗೆಂದು ಗಮನಿಸುವ ಶಕ್ತಿಯೇ ನಾಶವಾಗಿದೆ ಎಂದು ಹೇಳಲಾಗದು, ಏಕೆಂದರೆ ಪಾಠದ ಮುಂದೆ ಹತ್ತು ನಿಮಿಷ ಕೂರಲಾರದವರೇ ವೆಬ್ ಸರಣಿಯ ಮುಂದೆ ರಾತ್ರಿಯಿಡೀ ಕೂರಬಲ್ಲರು. ಕಡಿಮೆಯಾಗಿರುವುದು, ಕೂಡಲೇ ಪ್ರತಿಫಲ ಕೊಡದ ವಿಷಯದ ಜೊತೆ ಇರುವ ತಾಳ್ಮೆ.

ಮೊದಲ ವಾರ ಏನನ್ನೂ ಬದಲಿಸದೆ ಕೇವಲ ಗಮನಿಸಿ. ಆಂಡ್ರಾಯ್ಡ್ ಫೋನಿನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್, ಐಫೋನಿನಲ್ಲಿ ಸ್ಕ್ರೀನ್ ಟೈಮ್ ಎಂಬ ಭಾಗವಿದ್ದು, ಅಲ್ಲಿ ಎಲ್ಲರೂ ಗಂಟೆಗಳ ಲೆಕ್ಕವನ್ನಷ್ಟೇ ನೋಡುತ್ತಾರೆ. ಅದಕ್ಕಿಂತ ಮುಖ್ಯವಾದುದು ದಿನಕ್ಕೆ ಎಷ್ಟು ಸಲ ಫೋನನ್ನು ಕೈಗೆತ್ತಿಕೊಂಡಿರಿ ಎಂಬ ಸಂಖ್ಯೆ, ಏಕೆಂದರೆ ಗಮನ ಮುರಿದ ಸಲಗಳ ಲೆಕ್ಕ ಅದರಲ್ಲಿದೆ. ಕೈ ಫೋನಿನತ್ತ ಹೋಗುವ ಮುನ್ನಿನ ಕ್ಷಣ ಯಾವುದಾಗಿತ್ತೆಂದು ಗುರುತು ಹಾಕಿಕೊಳ್ಳಿ. ಕುಕ್ಕರ್ ಕೂಗುವುದಕ್ಕೆ ಕಾಯುವಾಗಲೋ, ಕಚೇರಿಯ ಕೆಲಸ ಕಠಿಣ ತಿರುವಿಗೆ ಬಂದಾಗಲೋ, ನಿದ್ದೆ ಹತ್ತದಿದ್ದಾಗಲೋ ಎಂಬುದು ನಾಲ್ಕಾರು ದಿನಗಳಲ್ಲಿ ಸ್ಪಷ್ಟವಾಗುತ್ತದೆ.

ಧಾರಾವಾಹಿಗಳ ವಿಷಯದಲ್ಲಿ ಮಾಡಬೇಕಾದ ಮೊದಲ ಕೆಲಸ, ಆಟೋಪ್ಲೇ ನಿಲ್ಲಿಸುವುದು. ನೆಟ್‌ಫ್ಲಿಕ್ಸ್ ಖಾತೆಯನ್ನು ಬ್ರೌಸರಿನಲ್ಲಿ ತೆರೆದು, ನಿಮ್ಮ ಪ್ರೊಫೈಲಿನ ಪ್ಲೇಬ್ಯಾಕ್ ಸೆಟ್ಟಿಂಗ್ಸ್‌ಗೆ ಹೋಗಿ, ಮುಂದಿನ ಕಂತು ತಾನಾಗಿ ಶುರುವಾಗುವ ಆಯ್ಕೆಯ ಗುರುತನ್ನು ತೆಗೆಯಿರಿ. ಯೂಟ್ಯೂಬಿನಲ್ಲೂ ಇಂಥದೇ ಗುಂಡಿಯಿದೆ. ಆದರೆ ಇಷ್ಟೇ ಸಾಲದು. ಕಂತಿನ ಕೊನೆಯ ಎರಡು ನಿಮಿಷಗಳನ್ನು ಒಮ್ಮೆ ಎಚ್ಚರದಿಂದ ನೋಡಿ: ಬಾಗಿಲು ಬಡಿದ ಸದ್ದಾಗುತ್ತದೆ, ಸತ್ತನೆಂದುಕೊಂಡವನ ಫೋನ್ ಬರುತ್ತದೆ, ನಾಯಕಿ ತಿರುಗಿ ನೋಡುತ್ತಾಳೆ, ಪರದೆ ಕಪ್ಪಾಗುತ್ತದೆ. ಎದ್ದು ಹೋಗಲು ಅತ್ಯಂತ ಕಷ್ಟವಾಗುವಂತೆಯೇ ಬರೆದ ಘಳಿಗೆಯಲ್ಲಿ ಏಳಲು ಯತ್ನಿಸಿ, ಸೋತು, ತನಗೆ ಸಂಯಮವಿಲ್ಲವೆಂದು ನೊಂದುಕೊಳ್ಳುವವರು ಬಹಳ. ಆ ಕುತೂಹಲ ಸಾಮಾನ್ಯವಾಗಿ ಮುಂದಿನ ಕಂತಿನ ಮೊದಲ ಹತ್ತು ನಿಮಿಷಗಳಲ್ಲಿ ತಣಿದುಹೋಗುತ್ತದೆ. ಆದ್ದರಿಂದ ಕಂತಿನ ತುದಿಯಲ್ಲಿ ನಿಲ್ಲಿಸುವುದರ ಬದಲು, ಕಂತಿನ ನಡುವೆ, ಕಥೆ ಉಸಿರು ಬಿಡುವ ಕಡೆ ನಿಲ್ಲಿಸುವುದನ್ನು ರೂಢಿಸಿಕೊಳ್ಳಿ. ಇದು ವಿಚಿತ್ರವೆನಿಸಬಹುದು, ಆದರೆ ಏಳುವುದು ಎಷ್ಟು ಹಗುರವಾಗುತ್ತದೆಂಬುದು ಎರಡು ಮೂರು ರಾತ್ರಿಗಳಲ್ಲೇ ತಿಳಿಯುತ್ತದೆ. ನೋಡುವಾಗ ಫೋನು ಇನ್ನೊಂದು ಕೋಣೆಯಲ್ಲಿರಲಿ. ಒಳ್ಳೆಯ ಚಿತ್ರವನ್ನು ಅರ್ಧ ಕಣ್ಣಿನಲ್ಲಿ ನೋಡುವುದು ಆ ಚಿತ್ರಕ್ಕೂ ಅನ್ಯಾಯ.

ರೀಲ್ಸ್ ಮತ್ತು ಶಾರ್ಟ್ಸ್‌ಗಳಲ್ಲಿ ಕಥೆಯೇ ಇಲ್ಲದಿರುವುದರಿಂದ ನಡುವೆ ನಿಲ್ಲಿಸುವ ಉಪಾಯ ನಡೆಯದು. ಅಲ್ಲಿ ಪ್ರವೇಶವನ್ನೇ ತುಸು ಕಷ್ಟಗೊಳಿಸಬೇಕು. ಯೂಟ್ಯೂಬಿನಲ್ಲಿ ನೋಡಿದ್ದರ ಇತಿಹಾಸವನ್ನು ಅಳಿಸಿ, ಮುಂದೆ ದಾಖಲಾಗದಂತೆ ನಿಲ್ಲಿಸಿದರೆ ಮುಖಪುಟದ ಶಿಫಾರಸುಗಳು ನಿಂತುಹೋಗುತ್ತವೆ. ಬೇಕಾದ್ದನ್ನು ಹೆಸರಿಟ್ಟು ಹುಡುಕಿಯೇ ನೋಡಬೇಕಾಗುತ್ತದೆ. ಇನ್‌ಸ್ಟಾಗ್ರಾಂ ಆ್ಯಪ್ ತೆಗೆದು ಬ್ರೌಸರಿನಲ್ಲಿ ಮಾತ್ರ ತೆರೆಯುವುದೂ ಒಳ್ಳೆಯ ತಡೆ. ಐಫೋನಿನ ಸ್ಕ್ರೀನ್ ಟೈಮಿನಲ್ಲಿ ಆ್ಯಪಿಗೆ ಸಮಯದ ಮಿತಿ ಹಾಕುವವರು ಅದರ ಗುಪ್ತಸಂಖ್ಯೆಯನ್ನು ಮನೆಯ ಇನ್ನೊಬ್ಬರ ಕೈಯಲ್ಲಿ ಹಾಕಿಸಿದರೆ ಮಾತ್ರ ಅದು ಉಳಿಯುತ್ತದೆ. ಕರೆ ಮತ್ತು ಮನುಷ್ಯರು ನೇರವಾಗಿ ಕಳಿಸುವ ಸಂದೇಶ ಬಿಟ್ಟು ಉಳಿದೆಲ್ಲ ನೋಟಿಫಿಕೇಷನ್ ನಿಲ್ಲಿಸಿ. ಬಂಧುಬಳಗದ ವಾಟ್ಸಾಪ್ ಗುಂಪುಗಳನ್ನು ಮ್ಯೂಟ್ ಮಾಡಿದರೆ ಯಾರಿಗೂ ತಿಳಿಯುವುದಿಲ್ಲ.

ಬಿಡುವಾದ ಸಮಯಕ್ಕೆ ಮತ್ತೊಂದನ್ನು ತುಂಬದಿದ್ದರೆ ಹಳೆಯದೇ ಮರಳಿ ಬರುತ್ತದೆ. ಮುದ್ರಿತ ಪುಸ್ತಕವೊಂದನ್ನು ಹಿಡಿದು ಹದಿನೈದು ನಿಮಿಷದಿಂದ ಆರಂಭಿಸಿ, ಪಕ್ಕದಲ್ಲಿ ಒಂದು ಚೀಟಿ ಮತ್ತು ಪೆನ್ನು ಇಟ್ಟುಕೊಳ್ಳಿ. ಓದುತ್ತಿರುವಾಗ ಕರೆಂಟ್ ಬಿಲ್ಲೋ ಪಂದ್ಯದ ಸ್ಕೋರೋ ನೆನಪಾದರೆ ಚೀಟಿಯಲ್ಲಿ ಬರೆದು ಓದು ಮುಂದುವರಿಸಿ. ಓದಿನ ಕೊನೆಗೆ ಚೀಟಿ ನೋಡಿದಾಗ ಬಹುಪಾಲು ಸಂಗತಿಗಳು ತುರ್ತಿನವಾಗಿರಲಿಲ್ಲ ಎಂದು ನಿಮಗೇ ಕಾಣುತ್ತದೆ.

ಮಕ್ಕಳಿರುವ ಮನೆಯಲ್ಲಿ ನಿಯಮ ದೊಡ್ಡವರಿಗೂ ಒಂದೇ ಆಗಿರಬೇಕು. ಎರಡು ವರ್ಷ ತುಂಬದ ಮಗುವಿಗೆ ಪರದೆ ಸಲ್ಲದು, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ತುತ್ತು ತಿನ್ನಿಸಲು ಮೊಬೈಲ್ ತೋರಿಸುವ ಅಭ್ಯಾಸವನ್ನು ಬಿಡಲೇಬೇಕು. ನಮ್ಮ ನೆರೆಯ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿ 2022ರಲ್ಲಿ ಒಂದು ಕ್ರಮ ಕೈಗೊಂಡಿತು: ಸಂಜೆ ಏಳಕ್ಕೆ ಸೈರನ್ ಕೂಗಿದೊಡನೆ ಮನೆಮನೆಯಲ್ಲೂ ಟಿವಿ, ಮೊಬೈಲ್ ಬಂದ್ ಮಾಡಿ, ಎಂಟೂವರೆಯವರೆಗೆ ಓದು, ಮಾತುಕತೆಗೆ ಕೂರುವುದು. ಒಬ್ಬರೇ ಬಿಡುವುದಕ್ಕಿಂತ ಎಲ್ಲರೂ ಒಟ್ಟಿಗೆ ಬಿಡುವುದು ಸುಲಭವಾದ್ದರಿಂದ, ಸೈರನ್ ಇಲ್ಲದ ಅಪಾರ್ಟ್‌ಮೆಂಟಿನಲ್ಲೂ ನಾಲ್ಕು ಮನೆಗಳು ಕೂಡಿ ಇದನ್ನು ಮಾಡಬಹುದು.

ಇಷ್ಟೆಲ್ಲ ಮಾಡಿಯೂ ನಿದ್ದೆ, ಓದು, ಕೆಲಸ ಕೆಡುತ್ತಲೇ ಇದ್ದರೆ ತಜ್ಞರ ನೆರವು ಪಡೆಯಲು ಸಂಕೋಚ ಬೇಡ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಿಂದ ಶಟ್ ಕ್ಲಿನಿಕ್ ಇದೆ. ದೂರದ ಊರಿನವರು ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.