ಪ್ರಶ್ನೋತ್ತರದ ಮೌನ ಮುರಿದ ಬಗೆ

ನಾವು ನಡೆಸುವ ವಿಚಾರ ಸಂಕಿರಣದಲ್ಲಿ ಭಾಷಣ ಮುಗಿದೊಡನೆ ಮೈಕ್ ಹೋಗುತ್ತಿದ್ದದ್ದು ಅದೇ ಕೆಲವು ಹಿರಿಯರ ಕೈಗೆ. ಹಿಂದಿನ ಸಾಲಿನ ಸಂಶೋಧನಾ ವಿದ್ಯಾರ್ಥಿಗಳು ಬಾಯಿ ಬಿಡುತ್ತಿರಲಿಲ್ಲ. ಅವರ ಒಳ್ಳೊಳ್ಳೆಯ ಪ್ರಶ್ನೆಗಳು ಹೊರಬರುತ್ತಿದ್ದದ್ದು ವಿರಾಮದಲ್ಲಿ ಮಾತ್ರ.

ಈ ಸಲ ಸ್ಲೈಡೊ ಎಂಬ ಆನ್‌ಲೈನ್ ಪ್ರಶ್ನೋತ್ತರ ಸಾಧನ ಬಳಸಿದೆವು. ಅದರಲ್ಲಿ ಮೊಬೈಲಿನಿಂದಲೇ ಹೆಸರು ಹೇಳದೆಯೂ ಪ್ರಶ್ನೆ ಕಳಿಸಬಹುದು, ಬೇರೆಯವರ ಪ್ರಶ್ನೆ ಹಿಡಿಸಿದರೆ ಮತ ಹಾಕಿ ಮೇಲಕ್ಕೇರಿಸಬಹುದು. ಆದರೆ ಅಷ್ಟೇ ಸಾಲದು. ಅದನ್ನು ತೆರೆಯುವ ಕ್ಯೂಆರ್ ಕೋಡನ್ನು ಭಾಷಣದ ಮೊದಲ ಸ್ಲೈಡಿನಲ್ಲಿ ಮಾತ್ರ ತೋರಿಸಿದರೆ ತಡವಾಗಿ ಬಂದವರಿಗೆ ಸಿಗುವುದಿಲ್ಲ. ಹಾಗಾಗಿ ಪ್ರತಿ ಸ್ಲೈಡಿನ ಮೂಲೆಯಲ್ಲೂ ಇಟ್ಟೆವು. ಪ್ರಶ್ನೆಗಳು ಪರದೆಗೆ ಬರುವ ಮುನ್ನ ಒಬ್ಬರು ಓದಿ ಒಪ್ಪಿಗೆ ಕೊಡುವ ವ್ಯವಸ್ಥೆಯೂ ಇತ್ತು. ಎಲ್ಲಕ್ಕಿಂತ ಮುಖ್ಯವಾದದ್ದು ಗೋಷ್ಠಿಯ ಅಧ್ಯಕ್ಷರ ಪಾತ್ರ: ಮೊದಲ ಪ್ರಶ್ನೆಗಳು ಪರದೆಯಿಂದ, ಆಮೇಲೆಯೇ ಮೈಕ್ ಎಂದು ಅವರೊಂದಿಗೆ ಮುಂಚೆಯೇ ಮಾತಾಡಿಕೊಂಡಿದ್ದೆವು. ಸಭೆಯ ಕಳೆಯೇ ಬದಲಾಯಿತು.

ಸಮಯ ಸಾಲದೆ ಉಳಿದ ಪ್ರಶ್ನೆಗಳನ್ನು ಸಾಮಾಜಿಕ ಜಾಲತಾಣದಲ್ಲಿ ಸಂಕಿರಣದ ಹ್ಯಾಶ್‌ಟ್ಯಾಗ್ ಜತೆ ಹಾಕಿದೆವು. ಭಾಷಣಕಾರರು ಅಲ್ಲೇ ಉತ್ತರ ಬರೆದರು. (2007ರಲ್ಲಿ ಕ್ರಿಸ್ ಮೆಸಿನಾ ಟ್ವಿಟರ್‌ನಲ್ಲಿ ಹ್ಯಾಶ್‌ಟ್ಯಾಗ್ ಸೂಚಿಸಿದಾಗ ಕೊಟ್ಟ ಉದಾಹರಣೆಯೂ ಬಾರ್‌ಕ್ಯಾಂಪ್ ಎಂಬ ಸಮಾವೇಶದ್ದೇ.) ಹ್ಯಾಶ್‌ಟ್ಯಾಗ್ ಚಿಕ್ಕದಿರಲಿ, ವರ್ಷವೂ ಸೇರಿರಲಿ. ಬೇರೆ ಯಾರಾದರೂ ಅದನ್ನೇ ಬಳಸುತ್ತಿದ್ದಾರೆಯೇ ಎಂದು ಮೊದಲೇ ಹುಡುಕಿ ನೋಡಿ.