ಕಾನ್‌ಫಿಕರ್ ಹೊಕ್ಕ ಆಫೀಸ್ ನೆಟ್‌ವರ್ಕನ್ನು ತೊಳೆದ ಬಗೆ

2009ರಲ್ಲಿ ನಮ್ಮ ವಿಂಡೋಸ್ ಎಕ್ಸ್‌ಪಿ, ಸರ್ವರ್ 2003 ನೆಟ್‌ವರ್ಕಿಗೆ ಕಾನ್‌ಫಿಕರ್ ಎಂಬ ವರ್ಮ್ (ಯಂತ್ರದಿಂದ ಯಂತ್ರಕ್ಕೆ ತಾನಾಗಿ ಹರಡುವ ವೈರಸ್) ಬಂದ ಸುಳಿವು ಕೊಟ್ಟದ್ದು ಆಂಟಿವೈರಸ್ ಅಲ್ಲ, ಒಂದರ ಹಿಂದೊಂದು ಲಾಕ್ ಆದ ಅಕೌಂಟ್‌ಗಳು. ಈ ವರ್ಮ್ ಪಕ್ಕದ ಯಂತ್ರಗಳ ಅಡ್ಮಿನ್ ಶೇರ್‌ಗೆ (ಅಡ್ಮಿನ್‌ಗಳಿಗಷ್ಟೇ ತೆರೆಯುವ ಹಂಚಿಕೆ ಫೋಲ್ಡರ್) ನುಗ್ಗಲು ತನ್ನೊಳಗಿನ ಸುಲಭ ಪಾಸ್‌ವರ್ಡ್‌ಗಳ ಪಟ್ಟಿಯನ್ನು ಪ್ರತಿ ಹೆಸರಿನ ಮೇಲೂ ಪ್ರಯೋಗಿಸುತ್ತದೆ. ಲಾಕ್ ಬಿಡಿಸುತ್ತಾ ಕೂತರೆ ಪ್ರಯೋಜನವಿಲ್ಲ. ಎಲ್ಲರ ಲಾಗಿನ್ ಪರಿಶೀಲಿಸುವ ಸರ್ವರ್, ಅಂದರೆ ಡೊಮೇನ್ ಕಂಟ್ರೋಲರಿನ ಸೆಕ್ಯುರಿಟಿ ಲಾಗಿನಲ್ಲಿ 644ನೇ ಈವೆಂಟ್ (ಅಕೌಂಟ್ ಲಾಕ್ ಆದ ದಾಖಲೆ) ತೆರೆದರೆ, ತಪ್ಪು ಪಾಸ್‌ವರ್ಡ್ ಯಾವ ಯಂತ್ರದಿಂದ ಬಂತು ಎಂಬ ಹೆಸರೇ ಸಿಗುತ್ತದೆ. ತೊಳೆಯಬೇಕಾದ ಯಂತ್ರಗಳ ಪಟ್ಟಿ ನಾನು ಮಾಡಿದ್ದು ಅಲ್ಲಿಂದಲೇ.

ಇದು ಹರಡುವ ದಾರಿ ಮೂರು: 2008ರ ಅಕ್ಟೋಬರ್ 23ರಂದು ಪ್ಯಾಚ್ ಬಂದ ಎಂಎಸ್08-067 ಎಂಬ ವಿಂಡೋಸ್ ದೋಷ, ದುರ್ಬಲ ಪಾಸ್‌ವರ್ಡ್, ಪೆನ್‌ಡ್ರೈವ್. ಪ್ಯಾಚ್ ಮುಚ್ಚುವುದು ಮೊದಲನೆಯದನ್ನು ಮಾತ್ರ. ಎಲ್ಲ ಯಂತ್ರಗಳಿಗೂ ಒಂದೇ ಲೋಕಲ್ ಅಡ್ಮಿನ್ ಪಾಸ್‌ವರ್ಡ್ ಇಟ್ಟಿದ್ದರೆ, ಅದೂ ಊಹಿಸಬಹುದಾದದ್ದಾದರೆ, ಪ್ಯಾಚ್ ಹಾಕಿದ ಯಂತ್ರಕ್ಕೂ ಸಂಜೆಯೊಳಗೆ ಮತ್ತೆ ಸೋಂಕು.

ಮೊದಲು ಸ್ವಿಚ್ಚಿನಲ್ಲಿ ವಿಭಾಗ ವಿಭಾಗಗಳ ನಡುವೆ ಫೈಲ್ ಹಂಚಿಕೆ ನಡೆಯುವ 139, 445 ಪೋರ್ಟ್ ಮುಚ್ಚಿದೆ. ಡೊಮೇನ್ ಕಂಟ್ರೋಲರಿಗೆ ಹೋಗುವ 445 ಮಾತ್ರ ಬಿಡಬೇಕು. ಗ್ರೂಪ್ ಪಾಲಿಸಿಯ (ಎಲ್ಲ ಯಂತ್ರಗಳಿಗೂ ಒಂದೇ ಕಡೆಯಿಂದ ಹೋಗುವ ಸೆಟ್ಟಿಂಗ್‌ಗಳು) ಫೈಲುಗಳು ಬರುವುದು ಅದರ ಮೂಲಕವೇ. ಆದ್ದರಿಂದ ಕಂಟ್ರೋಲರಿಗೇ ಮೊದಲ ಪ್ಯಾಚ್. ಪಾಲಿಸಿಯಲ್ಲಿ ಎಲ್ಲ ಡ್ರೈವ್‌ಗಳ ಆಟೋರನ್ (ಡ್ರೈವ್ ಹಾಕಿದೊಡನೆ ಪ್ರೋಗ್ರಾಂ ತಾನೇ ಓಡುವುದು) ನಿಲ್ಲಿಸಿ, ಟಾಸ್ಕ್ ಶೆಡ್ಯೂಲರ್ ಬಂದ್ ಮಾಡಿದೆ, ಏಕೆಂದರೆ ವರ್ಮ್ ದೂರದ ಯಂತ್ರದಲ್ಲಿ ತನ್ನನ್ನು ಎಬ್ಬಿಸುವುದು ಶೆಡ್ಯೂಲ್ ಮಾಡಿದ ಕೆಲಸದಿಂದ. ಅದರ ಜೊತೆಗೆ ರಾತ್ರಿಯ ಬ್ಯಾಕಪ್ಪೂ ನಿಲ್ಲುತ್ತದೆ, ಅಷ್ಟು ದಿನ ಕೈಯಿಂದಲೇ ತೆಗೆಯಬೇಕು.

ಬಹಳ ಜನ ಎಡವುವುದು ಇಲ್ಲಿ: ಸೋಂಕಿತ ಯಂತ್ರಕ್ಕೆ ಡೊಮೇನ್ ಅಡ್ಮಿನ್ ಆಗಿ ಲಾಗಿನ್ ಆಗಲೇಬೇಡಿ. ಲಾಗಿನ್ ಆದವರ ಅಧಿಕಾರವನ್ನೇ ವರ್ಮ್ ಹೊತ್ತುಕೊಂಡು ಹೋಗುತ್ತದೆ, ಆಮೇಲೆ ಅದಕ್ಕೆ ಪಾಸ್‌ವರ್ಡ್ ಊಹಿಸುವ ಅಗತ್ಯವೇ ಇಲ್ಲ. ತೊಳೆಯಲು ಬಂದವರೇ ಇಡೀ ಕಂಪನಿಗೆ ಹಂಚಿದಂತಾಗುತ್ತದೆ.

ಪ್ರತಿ ಯಂತ್ರದಲ್ಲೂ ಕೇಬಲ್ ಕಿತ್ತು, ಲೋಕಲ್ ಅಡ್ಮಿನ್ ಆಗಿ ಒಳಹೊಕ್ಕು, ಸಿಡಿಯಿಂದ ಆ ದೋಷದ ಪ್ಯಾಚ್ ಕೆಬಿ958644 ಹಾಕಿ, ಮೈಕ್ರೋಸಾಫ್ಟಿನ ವೈರಸ್ ತೆಗೆಯುವ ಸಾಧನ ಎಂಎಸ್‌ಆರ್‌ಟಿಯಿಂದ ಪೂರ್ತಿ ಸ್ಕ್ಯಾನ್ ಮಾಡಿ, ರೀಸ್ಟಾರ್ಟ್ ಮಾಡಿದೆ. ಎಂಎಸ್‌ಆರ್‌ಟಿ 2009ರ ಜನವರಿಯದ್ದೋ ನಂತರದ್ದೋ ಆಗಿರಬೇಕು, ಹಳೆಯದಕ್ಕೆ ಕಾನ್‌ಫಿಕರ್ ಗೊತ್ತಿಲ್ಲ. ಸಿಡಿಯೇ ಏಕೆಂದರೆ, ಸೋಂಕಿತ ಯಂತ್ರದಲ್ಲಿ ಮೈಕ್ರೋಸಾಫ್ಟ್, ಆಂಟಿವೈರಸ್ ಸೈಟುಗಳು ತೆರೆಯುವುದಿಲ್ಲ. ಪೆನ್‌ಡ್ರೈವ್ ಚುಚ್ಚಿದರೆ ಅದಕ್ಕೂ ಅಂಟುತ್ತದೆ. ಅಂಟಿದ ಪೆನ್‌ಡ್ರೈವಿನ ಆಟೋಪ್ಲೇ ಪಟ್ಟಿಯಲ್ಲಿ ಫೋಲ್ಡರಿನ ಚಿತ್ರವಿರುವ ‘ಫೈಲ್ ನೋಡಲು ಫೋಲ್ಡರ್ ತೆರೆಯಿರಿ’ ಎಂಬ ಸಾಲು ಎರಡು ಕಡೆ ಕಾಣುತ್ತದೆ. ಮೇಲಿನದು ವರ್ಮ್‌ನದು.

ವರ್ಮ್ ಹೋದರೂ ಅದು ನಿಲ್ಲಿಸಿದ ಸರ್ವೀಸ್‌ಗಳು ತಾವಾಗಿ ಏಳುವುದಿಲ್ಲ. ಆಟೋಮ್ಯಾಟಿಕ್ ಅಪ್‌ಡೇಟ್ಸ್, ಬಿಟ್ಸ್ (ಹಿನ್ನೆಲೆಯಲ್ಲಿ ಅಪ್‌ಡೇಟ್ ಇಳಿಸುವ ಸರ್ವೀಸ್), ಸೆಕ್ಯುರಿಟಿ ಸೆಂಟರ್ ಮೂರನ್ನೂ ಕೈಯಾರೆ ಚಾಲೂ ಮಾಡಿ, ಪಾಸ್‌ವರ್ಡ್ ಬದಲಿಸಿ, ಆಮೇಲೆ ಕೇಬಲ್ ಹಾಕಬೇಕು.

ಕೊನೆಗೆ ನೆಟ್‌ವರ್ಕ್ ಸ್ಕ್ಯಾನರ್ ಎನ್‌ಮ್ಯಾಪ್‌ನಿಂದ ಇಡೀ ನೆಟ್‌ವರ್ಕ್ ಜಾಲಾಡಿದೆ. ಕಾನ್‌ಫಿಕರನ್ನು ದೂರದಿಂದಲೇ ಗುರುತಿಸುವ ಸ್ಕ್ರಿಪ್ಟ್ 2009ರ ಮಾರ್ಚ್ ಕೊನೆಗೆ ಅದರಲ್ಲಿ ಬಂದಿತ್ತು. ಇಂಥ ಹುಡುಕಾಟದಲ್ಲಿ ಸಿಕ್ಕಿಬೀಳುವುದು ಯಾರ ಪಟ್ಟಿಯಲ್ಲೂ ಇರದ ಯಂತ್ರಗಳು: ಹಾಜರಾತಿ ಯಂತ್ರಕ್ಕೆ ಕಟ್ಟಿದ ಪಿಸಿ, ಗೋಡೌನಿನ ಲೇಬಲ್ ಪ್ರಿಂಟರಿನ ಪಿಸಿ. ಪ್ರವಾಸದಿಂದ ಮರಳುವ ಲ್ಯಾಪ್‌ಟಾಪ್‌ಗಳಂತೂ ಸ್ಕ್ಯಾನ್ ಹೊತ್ತಿಗೆ ಆಫೀಸಿನಲ್ಲೇ ಇರುವುದಿಲ್ಲ. ಅವುಗಳಿಗಾಗಿ ಒಂದು ಸ್ವಿಚ್ ಪೋರ್ಟನ್ನು ಬೇರೆ ಇಟ್ಟು, ಅಲ್ಲಿ ಪರೀಕ್ಷಿಸಿದ ಮೇಲಷ್ಟೇ ಒಳಗೆ ಬಿಟ್ಟೆ. 644 ಲಾಗನ್ನು ದಿನಾ ಬೆಳಿಗ್ಗೆ ನೋಡುವುದನ್ನು ನಿಲ್ಲಿಸಲಿಲ್ಲ.