ಹುಣ್ಣಾದ ಗೆಂಡೆ ಮೀನಿಗೆ ಒಂದು ಡ್ರಮ್, ಅಳೆದು ಹಾಕಿದ ಉಪ್ಪು

ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ಕಳೆದು ಚಳಿ ಏರಿದ ಮೇಲೆ ತೋಟದ ಕೆರೆಗೆ ದಿನಾ ಬೆಳಿಗ್ಗೆ ಒಂದು ಸುತ್ತು ಹೋಗಿ ಬನ್ನಿ. ಕಾಫಿ ಕೊಯ್ಲಿನ ಗಡಿಬಿಡಿ ಇದ್ದರೂ ಇದನ್ನು ಬಿಡಬೇಡಿ. ಕೆಂಪು ಹುಣ್ಣಿನ ರೋಗ ಜಾಸ್ತಿ ಕಾಣಿಸುವುದು ಈ ತಿಂಗಳುಗಳಲ್ಲೇ. ತವುಡು ಎರಚಿದಾಗ ಉಳಿದ ಮೀನುಗಳೆಲ್ಲ ಮುಗಿಬಿದ್ದು, ಒಂದು ಮಾತ್ರ ದಡದ ಹುಲ್ಲಿನ ಪಕ್ಕ ರೆಕ್ಕೆ ಮುದುರಿಕೊಂಡು ನಿಂತಿದ್ದರೆ ಅದಕ್ಕೆ ಹುಷಾರಿಲ್ಲ ಎಂದೇ ತಿಳಿಯಿರಿ.

ಔಷಧಿ ಹುಡುಕುವ ಮೊದಲು ನೀರು ನೋಡಿ. ಬೆಳಗಿನ ಜಾವ ಎಲ್ಲ ಮೀನುಗಳೂ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದರೆ ಅದು ರೋಗವಲ್ಲ, ನೀರಿನಲ್ಲಿ ಉಸಿರಿಗೆ ಗಾಳಿ ಸಾಲುತ್ತಿಲ್ಲ. ಕೂಡಲೇ ಪಂಪ್ ಹಾಕಿ ಕೆರೆಯ ನೀರನ್ನೇ ಮೇಲಿನಿಂದ ಸುರಿಯಿರಿ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ನಿಂದ ಬರುವ ಕಾಫಿ ಸಿಪ್ಪೆ ನೀರು ಎಲ್ಲಾದರೂ ಕೆರೆಗೆ ಸೇರುತ್ತಿದೆಯಾ ಎಂದು ಕಾಲುವೆ ಹಿಡಿದು ನಡೆದು ನೋಡಿ. ಆ ನೀರು ಕೊಳೆಯುತ್ತಾ ಕೆರೆಯ ಗಾಳಿಯನ್ನೆಲ್ಲ ಹೀರಿಬಿಡುತ್ತದೆ. ಅದನ್ನು ತಡೆಯದೆ ಮೀನಿಗೆ ಏನು ಮದ್ದು ಮಾಡಿದರೂ ದಂಡ.

ಮೈಮೇಲೆ ಹುಣ್ಣು, ಬಿಳಿ ಹತ್ತಿಯಂಥ ಬೂಷ್ಟು, ಎದ್ದ ಹುರುಪೆ ಕಂಡರೆ ಆ ಮೀನನ್ನು ಬೇರೆ ಮಾಡಿ. ಇದಕ್ಕೆ 200 ಲೀಟರಿನ ನೀಲಿ ಪ್ಲಾಸ್ಟಿಕ್ ಡ್ರಮ್ ಸಾಕು. ಆದರೆ ಬೋರ್ಡೋ (ಮೈಲುತುತ್ತು, ಸುಣ್ಣ ಸೇರಿದ ಸಿಂಪಡಣೆ ಮದ್ದು) ಕಲಸಿದ ಡ್ರಮ್ ಮಾತ್ರ ಬೇಡವೇ ಬೇಡ. ನಾನು ಒಮ್ಮೆ ಈ ತಪ್ಪು ಮಾಡಿದ್ದೇನೆ. ಮಳೆಗಾಲಕ್ಕೆ ಮುಂಚೆ ಕಾಳುಮೆಣಸಿಗೆ ಹೊಡೆಯಲು ಮೈಲುತುತ್ತು ಕರಗಿಸಿದ್ದ ಡ್ರಮ್ಮನ್ನು ನಾಲ್ಕು ಸಲ ಉಜ್ಜಿ ತೊಳೆದು ಒಂದು ಒಳ್ಳೆಯ ಗೆಂಡೆಯನ್ನು ಬಿಟ್ಟೆ. ಸಂಜೆಯೊಳಗೆ ಅದು ಮಗ್ಗುಲಾಗಿ ತೇಲುತ್ತಿತ್ತು. ಆಮೇಲೆ ಬ್ಯಾಟರಿ ಹಿಡಿದು ನೋಡಿದಾಗ ಡ್ರಮ್ಮಿನ ತಳದ ಅಂಚಿನಲ್ಲಿ ಬೆರಳಗಲದ ಹಸಿರು ಕರೆ ಕಂಡಿತು. ಮೈಲುತುತ್ತಿನ ತಾಮ್ರದ ಅಂಶ ಚೂರು ಉಳಿದರೂ ಮೀನಿಗೆ ವಿಷ. ಅದಕ್ಕೇ ಈಗ ಮೀನಿನ ಡ್ರಮ್ಮಿಗೆ ಕೆಂಪು ಬಣ್ಣ ಬಳಿದು ಬೇರೆಯೇ ಇಟ್ಟಿದ್ದೇನೆ. ತಗಡಿನ ಬಕೆಟ್ ಕೂಡ ಬೇಡ, ಉಪ್ಪುನೀರಿಗೆ ಅದರ ಸತು ಬಿಡುತ್ತದೆ.

ಡ್ರಮ್ಮನ್ನು ನೆರಳಿನಲ್ಲಿಟ್ಟು ಮುಕ್ಕಾಲು ಭಾಗ, ಅಂದರೆ 150 ಲೀಟರ್, ನೀರು ತುಂಬಿ. ಕೆರೆಯ ನೀರು ಚೆನ್ನಾಗಿದ್ದರೆ ಅದೇ ಆಗಬಹುದು. ನಲ್ಲಿ ನೀರಿಗೆ ಬ್ಲೀಚಿಂಗ್ ಪುಡಿ ಹಾಕಿರುತ್ತಾರೆ, ಬಾಯಗಲದ ಪಾತ್ರೆಯಲ್ಲಿ ಒಂದೆರಡು ದಿನ ತೆರೆದಿಟ್ಟು ಆಮೇಲೆ ಬಳಸಿ. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಗಾಳಿ ಪಂಪ್ ಹಾಕಿ. ನಮ್ಮ ಕಡೆ ಕರೆಂಟ್ ಹೋಗುವುದು ಗೊತ್ತೇ ಇದೆಯಲ್ವಾ, ಬ್ಯಾಟರಿಯಲ್ಲೂ ಓಡುವಂಥದ್ದು ತನ್ನಿ. ಮೇಲೆ ಶೇಡ್ ನೆಟ್ ಬಿಗಿಯಾಗಿ ಕಟ್ಟಿ, ಗೆಂಡೆ ಜಿಗಿಯುತ್ತದೆ. ಅರ್ಧ ಕೆಜಿ ತೂಕದ್ದಾದರೆ ಒಂದು ಡ್ರಮ್ಮಿಗೆ ಒಂದೇ ಮೀನು.

ಹಿಡಿಯುವಾಗ ಕೈ ಒದ್ದೆ ಇರಲಿ. ಮೀನಿನ ಮೈಯ ಲೋಳೆಯೇ ಅದರ ರಕ್ಷೆ, ಒಣ ಕೈಗೆ ಅದು ಕಿತ್ತು ಬರುತ್ತದೆ. ಒದ್ದೆ ಬಟ್ಟೆಯಲ್ಲಿ ಕಣ್ಣು ಮುಚ್ಚಿ ಹಿಡಿದರೆ ಒದ್ದಾಟ ಕಡಿಮೆ. ಆಗಲೇ ಮೈ ಪೂರ್ತಿ ನೋಡಿಬಿಡಿ. ಚಪ್ಪಟೆಯಾಗಿ ಬಟಾಣಿಯ ಅರ್ಧದಷ್ಟು ಗಾತ್ರದ ಹುಳು ಹರಿದಾಡುತ್ತಿದ್ದರೆ ಅದು ಮೀನಿನ ಹೇನು. ಚಿಮುಟದಿಂದ ಮೆಲ್ಲಗೆ ತೆಗೆಯಿರಿ.

ಇನ್ನು ಉಪ್ಪು. ಲೀಟರಿಗೆ 3 ಗ್ರಾಂ ಲೆಕ್ಕ, ಅಂದರೆ 150 ಲೀಟರಿಗೆ 450 ಗ್ರಾಂ ಕಲ್ಲುಪ್ಪು. ಕೈಯಳತೆ ಬೇಡ, ಮೆಣಸು ತೂಗುವ ತಕ್ಕಡಿಯಲ್ಲೇ ತೂಗಿ. ಒಟ್ಟಿಗೆ ಸುರಿಯದೆ 150 ಗ್ರಾಂನಂತೆ ಮೂರು ಪಾಲು ಮಾಡಿ, ಬೆಳಿಗ್ಗೆ, ಸಂಜೆ, ಮಾರನೇ ಬೆಳಿಗ್ಗೆ ನೀರಿನಲ್ಲಿ ಕರಗಿಸಿ ಹಾಕಿ. ಸಿಹಿನೀರಿನ ಮೀನಿನ ಮೈಯಲ್ಲಿ ಹೊರಗಿನ ನೀರಿಗಿಂತ ಉಪ್ಪು ಜಾಸ್ತಿ. ಹುಣ್ಣಾದ ಕಡೆಯಿಂದ ನೀರು ಒಳಗೆ ನುಗ್ಗುತ್ತಲೇ ಇರುತ್ತದೆ, ಅದನ್ನು ಹೊರಹಾಕುವುದರಲ್ಲೇ ಮೀನು ಸುಸ್ತಾಗುತ್ತದೆ. ಹೊರಗೂ ಸ್ವಲ್ಪ ಉಪ್ಪಿದ್ದರೆ ಆ ದುಡಿತ ಕಡಿಮೆಯಾಗಿ, ಗಾಯ ಮಾಯಲು ಮೈಗೆ ಶಕ್ತಿ ಉಳಿಯುತ್ತದೆ. ಮೀನು ಮಗುಚಿದರೆ ಕೂಡಲೇ ಬರೀ ನೀರಿಗೆ ಬಿಡಿ.

ಮೊದಲ ಎರಡು ಮೂರು ದಿನ ತಿನ್ನಲು ಏನೂ ಹಾಕಬೇಡಿ. ಮನೆಯಲ್ಲಿ ಯಾರಾದರೂ ಪಾಪ ಅಂತ ಅನ್ನ ಹಾಕಿಯೇ ಹಾಕುತ್ತಾರೆ, ಹೇಳಿಡಿ. ತಿಂದು ಉಳಿದದ್ದು ಕೊಳೆತು ನೀರು ಕೆಡುತ್ತದೆ. ದಿನಾ 50 ಲೀಟರ್ ತೆಗೆದು ಹೊಸ ನೀರು ಹಾಕಿ, ಅದರ ಜೊತೆ 150 ಗ್ರಾಂ ಉಪ್ಪೂ ಹೋಗಬೇಕು. ಮನುಷ್ಯರ ಆ್ಯಂಟಿಬಯೋಟಿಕ್ ಮಾತ್ರೆ ಪುಡಿ ಮಾಡಿ ಹಾಕುವವರನ್ನು ನೋಡಿದ್ದೇನೆ. ದಯವಿಟ್ಟು ಅದು ಬೇಡ. ನಾಲ್ಕೈದು ಮೀನಿಗೆ ಒಟ್ಟಿಗೆ ಹುಣ್ಣು ಬಂದರೆ ತಡ ಮಾಡದೆ ಮೀನುಗಾರಿಕೆ ಇಲಾಖೆಗೆ ತಿಳಿಸಿ. ನಮ್ಮ ಮಣ್ಣು ಹುಳಿ ಜಾಸ್ತಿ ಇರುವುದರಿಂದ ಕೆರೆಗೆ ಸುಣ್ಣ ಬೇಕಾಗಬಹುದು, ಎಷ್ಟು ಎಂಬುದನ್ನು ನೀರು ಪರೀಕ್ಷೆ ಮಾಡಿಸಿಯೇ ತೀರ್ಮಾನಿಸಿ.

ರೋಗದ ಮೀನಿಗೆ ಬಳಸಿದ ಕೈಬಲೆ ಕೆರೆಗೆ ಇಳಿಯಬಾರದು. ತೊಳೆದು ಕಾಫಿ ಕಣದ ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ. ಡ್ರಮ್ಮಿನ ಉಪ್ಪುನೀರನ್ನು ಕಾಫಿ ಬುಡಕ್ಕೂ ಕೆರೆಗೂ ಚೆಲ್ಲದೆ ದೂರದ ಗುಂಡಿಗೆ ಸುರಿಯಿರಿ. ಸತ್ತ ಮೀನನ್ನು ಸುಣ್ಣ ಹಾಕಿ ಆಳವಾಗಿ ಹೂಳಿ.

ಹುಣ್ಣಿನ ಅಂಚು ಬೆಳ್ಳಗಾಗಿ ಒಳಗಿನ ಕೆಂಪು ಕುಗ್ಗುತ್ತಾ ಬಂದರೆ ವಾಸಿಯಾಗುತ್ತಿದೆ ಎಂದರ್ಥ. ಆದರೂ ಮೂರು ವಾರ ಕೆರೆಗೆ ಬಿಡಬೇಡಿ. ಚಳಿಯಲ್ಲಿ ಎಲ್ಲವೂ ನಿಧಾನ, ಗಾಯ ಮಾಯುವುದೂ ನಿಧಾನ. ಕೊನೆಯ ವಾರ ಉಪ್ಪು ಸೇರಿಸದೆ ಬರೀ ನೀರು ಬದಲಿಸುತ್ತಾ ಬನ್ನಿ. ಕೆರೆಗೆ ಬಿಡುವ ದಿನ ಡ್ರಮ್ಮಿಗೆ ಚೊಂಬು ಚೊಂಬಾಗಿ ಕೆರೆ ನೀರು ಸೇರಿಸಿ. ಅರ್ಧ ಗಂಟೆ ಬಿಟ್ಟು, ಬಿಸಿಲಿಳಿದ ಮೇಲೆ, ನೀರುಕಾಗೆಗಳು ಗೂಡಿಗೆ ಹೊರಟ ನಂತರ ಮೆಲ್ಲಗೆ ಬಿಡಿ.